ಕಪ್ಪೆ ಎಂದರೆ ಯಾರು ನಂಬುತ್ತಾರೆ?

ಗಂಡನೆಂದ ಮೇಲೆ ಅವನಿಗೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ, ಹೆಂಡತಿಯಾದವಳು ಅದನ್ನು ಸಹಿಸಿಕೊಂಡು ಹೋಗಬೇಕು ಎಂಬ ತಿಳಿವಳಿಕೆ ನನಗೆ ಮದುವೆಗೆ ಮೊದಲೇ ಇತ್ತು. ನಮ್ಮಪ್ಪನಿಗೆ ನಶ್ಯ, ಅವರ ಪಂಚೆ, ಟವೆಲ್ಲು, ದಿಂಬು ಎಲ್ಲದರ ಬಣ್ಣವೂ ಒಂದೇ. ಅಣ್ಣನಿಗೆ ಇಸ್ಪೀಟು. ಚಿಕ್ಕಪ್ಪನಿಗೆ ಚುನಾವಣೆ, ಯಾರು ನಿಂತರೂ ಅವರ ಪರವಾಗಿ ಓಡಾಡುತ್ತಿದ್ದರು, ಯಾರು ಗೆದ್ದರೂ ತಾವೇ ಸೋತವರಂತೆ ಮನೆಗೆ ಬಂದು ಮಲಗುತ್ತಿದ್ದರು. ಇಂಥ ಚಟಗಳಿಗೆಲ್ಲ ಲೋಕದಲ್ಲಿ ಒಂದು ಮರ್ಯಾದೆ ಇದೆ. ಇಸ್ಪೀಟಾಡುವವನ ಹೆಂಡತಿಗೆ "ಮಕ್ಕಳಾದ ಮೇಲೆ ಸರಿಹೋಯ್ತಾನೆ ಬುಡವ್ವ" ಎನ್ನುತ್ತಾರೆ. ಕುಡುಕನ ಹೆಂಡತಿಯನ್ನು "ಭೂಮಿತೂಕದ ಹೆಣ್ಣು ಕಣ್ರೀ" ಎಂದು ಹೊಗಳುತ್ತಾರೆ. ಯಾವ ಕಷ್ಟಕ್ಕೆ ಯಾವ ಮಾತು ಎಂದು ನಮ್ಮ ಹಿರಿಯರು ಎಲ್ಲವನ್ನೂ ಹೊಂದಿಸಿಟ್ಟು ಹೋಗಿದ್ದಾರೆ. ಆದರೆ ನನ್ನ ಪಾಲಿಗೆ ಬಂದ ಕಷ್ಟಕ್ಕೆ ಮಾತ್ರ ಅವರು ಒಂದು ಮಾತನ್ನೂ ಇಟ್ಟಿರಲಿಲ್ಲ. ನಮ್ಮ ಯಜಮಾನರಿಗೆ ಇದ್ದದ್ದು ಕಪ್ಪೆಯ ಚಟ.

ತಪ್ಪು ತಿಳಿಯಬೇಡಿ. ಅವರು ಕಪ್ಪೆಯನ್ನು ತಿನ್ನುತ್ತಿರಲಿಲ್ಲ. ತಿನ್ನುತ್ತಿದ್ದರೆ ಅದೂ ಒಂದು ಅಡುಗೆ ಎಂದು ಬೈದುಕೊಂಡಾದರೂ ಕಲಿಯುತ್ತಿದ್ದೆನೇನೋ. ಹಿಡಿಯುತ್ತಿರಲಿಲ್ಲ, ಮಾರುತ್ತಿರಲಿಲ್ಲ, ಶಾಲೆಯ ಮೇಜಿನ ಮೇಲೆ ಹೊಟ್ಟೆ ಸೀಳಿ ಮಕ್ಕಳಿಗೆ ತೋರಿಸುತ್ತಲೂ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಕತ್ತಲಾದ ಮೇಲೆ, ಮಳೆ ಹನಿಯುತ್ತಿರುವಾಗ, ಕೆರೆಯ ಜೌಗಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂರು ಸೆಲ್ಲಿನ ಬ್ಯಾಟರಿ ಬಿಟ್ಟುಕೊಂಡು ನೋಡುವುದು, ಬ್ಯಾಟರಿ ಆರಿಸಿ ಕೇಳುವುದು, ಮತ್ತೆ ನೋಡುವುದು. ಇದಕ್ಕೆ ಪ್ರತಿಫಲವೇನು ಎಂದು ಕೇಳಿದರೆ "ಆನಂದ" ಎನ್ನುತ್ತಿದ್ದರು. ಸಂಬಳ ತರುವ ಗಂಡಸು ಆನಂದ ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇದು ಅರವತ್ತರ ದಶಕ ಮುಗಿಯುತ್ತಾ ಬಂದ ಕಾಲದ ಮಾತು. ಇವರು ಪಿರಿಯಾಪಟ್ಟಣದಲ್ಲಿ ಒಂದು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು. ನಮ್ಮ ಬಾಡಿಗೆ ಮನೆ ಊರಿನ ಕೊನೆಯ ಬೀದಿಯಲ್ಲಿತ್ತು. ಹಿತ್ತಿಲ ಬಾಗಿಲು ತೆಗೆದರೆ ಒಂದು ಕಡೆ ಹೊಗೆಸೊಪ್ಪಿನ ಘಾಟು, ಇನ್ನೊಂದು ಕಡೆ ಕೆರೆಯ ಗಾಳಿ. ಕೆರೆಗೆ ನೀರು ಬರುವ ಕಡೆ ಜೊಂಡು ಬೆಳೆದು, ಎಮ್ಮೆಗಳೂ ಯೋಚನೆ ಮಾಡಿ ಕಾಲಿಡುವಂಥ ಜೌಗು. ಕೊಡಗಿನ ಕಡೆಯಿಂದ ಮೊದಲ ಮೋಡ ಬಂದು ನಾಲ್ಕು ಹನಿ ಉದುರಿತೋ ಇಲ್ಲವೋ, ಆ ಜೌಗಿನಲ್ಲಿ ಮದುವೆಮನೆಯ ಗಲಾಟೆ ಶುರು. ಇವರು ಶಾಲೆಯಿಂದ ಬಂದವರೇ ಕಾಫಿ ಕುಡಿದು, ಪಂಚೆ ಮೇಲೆ ಕಟ್ಟಿ, ಹೊರಟೇಬಿಡುತ್ತಿದ್ದರು. ಬರುವ ಹೊತ್ತಿಗೆ ಮುದ್ದೆ ಆರಿ ಗುಂಡುಕಲ್ಲಾಗಿರುತ್ತಿತ್ತು. ಆರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿಕೊಂಡು, ನಾನು ಕೇಳದಿದ್ದರೂ ಹೇಳುತ್ತಿದ್ದರು: "ಜಯಾ, ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ, ಗೊತ್ತಾ? ಚರ್ಮದಲ್ಲೇ ಹೀರಿಕೊಳ್ಳುತ್ತೆ." ಒಳ್ಳೆಯದು, ಲೋಟ ತೊಳೆಯುವ ಕೆಲಸವಿಲ್ಲ ಎನ್ನುತ್ತಿದ್ದೆ. "ಕೂಗೋದು ಗಂಡು ಮಾತ್ರ. ಹೆಣ್ಣು ಸುಮ್ಮನೆ ಕೂತು ಕೇಳುತ್ತೆ. ಎಲ್ಲರದ್ದೂ ಕೇಳಿ, ಯಾರ ಕೂಗು ಚೆನ್ನಾಗಿದೆಯೋ ಅವನ್ನ ಆರಿಸಿಕೊಳ್ಳುತ್ತೆ." ನಮ್ಮಲ್ಲೂ ಗಂಡಸರು ಕೂಗುವುದು, ಹೆಂಗಸರು ಕೂತು ಕೇಳುವುದು ಎಲ್ಲ ಹಾಗೇ ಇದೆ, ಆರಿಸಿಕೊಳ್ಳುವ ಭಾಗವೊಂದನ್ನು ಮಾತ್ರ ಯಾರೋ ಮಧ್ಯೆ ನುಂಗಿಹಾಕಿದ್ದಾರೆ ಎಂದೆ. ಅವರಿಗೆ ನಗು ಬರಲಿಲ್ಲ. ವಿಜ್ಞಾನದ ವಿಷಯದಲ್ಲಿ ಅವರು ನಗುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಸಲ ನಾನೂ ಅವರ ಜೊತೆ ಹೋಗಿದ್ದೆ. "ಸಾಯಂಕಾಲ ಕೆರೆ ಕಡೆ ಹೋಗಿ ಬರೋಣ ಬಾ" ಎಂದು ಗಂಡ ಕರೆದರೆ ಯಾವ ಹೆಣ್ಣಾದರೂ ಏನೆಂದುಕೊಳ್ಳುತ್ತಾಳೆ? ನಾನೂ ಅದನ್ನೇ ಅಂದುಕೊಂಡು ಮೈಸೂರು ರೇಷ್ಮೆ ಉಟ್ಟು ಮಲ್ಲಿಗೆ ಮುಡಿದು ಹೋದೆ. ಏರಿಯ ಮೇಲೆ ತಂಗಾಳಿ ಬೀಸುತ್ತಿತ್ತು. ಇವರು ನನ್ನ ಕೈ ಹಿಡಿದುಕೊಂಡರು. ನಾನು ಏನೋ ಹೇಳಲು ಬಾಯಿ ತೆರೆದೆ. "ಶ್! ಮಾತಾಡಬೇಡ. ಹೆದರಿಕೊಳ್ಳುತ್ತೆ" ಎಂದರು. ಆಮೇಲೆ ಕತ್ತಲಾಗುವವರೆಗೆ, ಕತ್ತಲಾದ ಮೇಲೂ, ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದಾಗ ಕಾಲಿನಲ್ಲಿ ಒಂದು ಜಿಗಣೆ ಇತ್ತು. ಅದು ನನ್ನ ರಕ್ತ ಕುಡಿದು ಹಣ್ಣು ನೇರಳೆಯಷ್ಟು ದಪ್ಪವಾಗಿತ್ತು. ಆ ಸಂಜೆ ನನ್ನನ್ನು ಬಯಸಿ ಬಂದದ್ದು ಅದೊಂದೇ.

ಹೀಗೆ ಒಂದೆರಡು ಮಳೆಗಾಲ ಕಳೆಯಿತು. ಮೂರನೆಯ ಮಳೆಗಾಲದಲ್ಲಿ ಊರಿನವರು ಗಮನಿಸಿದರು. ಜೌಗಿನ ಆಚೆ ದಡದಲ್ಲಿ ಒಂಟಿಯಾಗಿ ಒಂದು ಹೆಂಚಿನ ಮನೆಯಿತ್ತು. ಅದರಲ್ಲಿ ಹೊಸದಾಗಿ ಬಂದ ನರ್ಸ್ ಅನ್ನಮ್ಮ ಇದ್ದಳು. ವಯನಾಡಿನ ಕಡೆಯವಳು, ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಹೆರಿಗೆ ಮಾಡಿಸುವುದರಲ್ಲಿ ಗಟ್ಟಿಗಿತ್ತಿ, ಯಾರ ಮನೆಯ ಜಗಲಿಯಲ್ಲೂ ಕೂತು ಮಾತಾಡುವವಳಲ್ಲ. ಒಂಟಿ ಹೆಂಗಸು, ಯಾರ ಜಗಲಿಗೂ ಬರುವುದಿಲ್ಲ, ಸಾಯಂಕಾಲ ಲಾಂದ್ರ ಹಚ್ಚಿಡುತ್ತಾಳೆ. ಕತ್ತಲಾದ ಮೇಲೆ ಸೈನ್ಸ್ ಮೇಷ್ಟ್ರು ಅದೇ ದಿಕ್ಕಿಗೆ ಬ್ಯಾಟರಿ ಹಿಡಿದು ಹೋಗುತ್ತಾರೆ, ಕೆಸರು ಮೆತ್ತಿಕೊಂಡು ನಗುನಗುತ್ತಾ ವಾಪಸು ಬರುತ್ತಾರೆ. ಇಷ್ಟು ಸಾಮಾನು ಸಿಕ್ಕಿದ ಮೇಲೆ ಪಿರಿಯಾಪಟ್ಟಣದಂಥ ಊರು ಒಂದು ಸುದ್ದಿಯನ್ನು ಕಟ್ಟದೆ ಬಿಟ್ಟಿದ್ದರೆ ಅದು ಊರಿಗೇ ಅವಮಾನ.

ಮೊದಲು ಬಂದವರು ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ. ಕೈಯಲ್ಲಿ ಬಿಸಿ ಕಜ್ಜಾಯದ ತಟ್ಟೆ, ಕಣ್ಣಲ್ಲಿ ನೀರು. ಎರಡನ್ನೂ ಮನೆಯಿಂದಲೇ ಸಿದ್ಧಮಾಡಿಕೊಂಡು ಬಂದಿದ್ದರು.

"ಜಯಮ್ಮ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮೆಜಮಾನ್ರು ದಿನಾ ಕತ್ಲಾದ ಮೇಲೆ ಎಲ್ಲಿಗೆ ಹೋಗ್ತಾರೆ?"

"ಕಪ್ಪೆ ನೋಡೋಕೆ" ಎಂದೆ.

ಸುಬ್ಬಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ನನ್ನ ತಾಯೀ! ಕಪ್ಪೆ ಅಂತ ಹೇಳವ್ರಾ? ನೀವೂ ನಂಬಿದ್ದೀರಾ?"

"ನಂಬೋದೇನು ಬಂತು, ನಾನೇ ಹೋಗಿ ನೋಡಿದ್ದೀನಲ್ಲ."

"ನಿಮ್ಮನ್ನ ಕರ್ಕೊಂಡು ಹೋದ ದಿನ ಕಪ್ಪೆ ತೋರಿಸಿರ್ತಾರೆ ಕಣ್ರೀ. ಎಂಥಾ ಮನಸ್ಸು ನಿಮ್ಮದು! ದೇವರಂಥಾ ಹೆಂಗಸು!" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅವರು ಅಳುತ್ತಿದ್ದಾಗ ಕಜ್ಜಾಯ ಆರುತ್ತಿತ್ತು. ಕೈ ಬಿಡಿಸಿಕೊಳ್ಳುವುದು ಸೌಜನ್ಯವಲ್ಲವೆಂದು ಸುಮ್ಮನಿದ್ದೆ.

ಸತ್ಯಕ್ಕೆ ಒಂದು ದೊಡ್ಡ ದೋಷವಿದೆ: ಅದು ಕೇಳಲು ಚೆನ್ನಾಗಿರುವುದಿಲ್ಲ. ನಾನು ಬೀದಿಯ ಪ್ರತಿಯೊಬ್ಬರಿಗೂ ಕಪ್ಪೆ, ಕಪ್ಪೆ ಎಂದೇ ಹೇಳಿದೆ. ಹೇಳಿದಷ್ಟೂ ಅವರ ಕಣ್ಣು ತುಂಬುತ್ತಿತ್ತು. ನಲ್ಲಿಯ ಹತ್ತಿರ ಹೋದರೆ "ಮೊದಲು ಅವರು ಹಿಡ್ಕೊಳ್ಳಲಿ ಬುಡಿ, ಪಾಪ" ಎಂದು ಸಾಲು ಬಿಟ್ಟುಕೊಡುತ್ತಿದ್ದರು. ಹೂವಿನವಳು ಒಂದು ಗೇಣು ಹೆಚ್ಚು ಅಳೆಯುತ್ತಿದ್ದಳು. ಅದುವರೆಗೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಹೆಡ್ಮಾಸ್ಟರ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದು ಮಣೆ ಹಾಕಿ ಕೂರಿಸಿದಳು. ಸುಳ್ಳು ಹೇಳಲಾರೆ, ನನಗೆ ಹಿತವಾಗಿಯೇ ಇತ್ತು. ಆದರೆ ಹಿತವಾಗಿದ್ದುದರ ಜೊತೆಗೇ ಒಂದು ಮುಳ್ಳು ಸೇರಿಕೊಂಡಿತು. ಅಷ್ಟು ಜನ ಅಷ್ಟು ಖಚಿತವಾಗಿ ಹೇಳುವಾಗ, ಒಂದು ವೇಳೆ ನಿಜವಿದ್ದರೆ? ಆ ಸಮಯದಲ್ಲೇ ಇವರು ಹೊಸದೊಂದು ಅಭ್ಯಾಸ ಶುರುಮಾಡಿದ್ದರು. ಬೆಳಗ್ಗೆ ಶಾಲೆಗೆ ಹೋಗುವಾಗ ಗಡ್ಡ ಬಿಟ್ಟುಕೊಂಡು ಹೋಗುವವರು, ಸಾಯಂಕಾಲ ಕೆರೆಗೆ ಹೊರಡುವ ಮುಂಚೆ ಕನ್ನಡಿ ಮುಂದೆ ಕೂತು ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕಪ್ಪೆ ನೋಡಲು ಕ್ಷೌರ ಏಕೆ? ಒಲೆ ಮುಂದೆ ಕೂತು ಈ ಒಂದೇ ಪ್ರಶ್ನೆಯನ್ನು ತಿರುವಿ ತಿರುವಿ ಹಾಕಿ ನಾನು ಎಷ್ಟೋ ರೊಟ್ಟಿ ಸೀಯಿಸಿದ್ದೇನೆ.

ನನ್ನ ತವರು ಕೃಷ್ಣರಾಜನಗರದ ಹತ್ತಿರ, ನಾಲೆಯ ಬಯಲಿನಲ್ಲಿ. ಆ ಕಾಲದಲ್ಲಿ ನಮ್ಮ ಕಡೆಯ ಬಸ್ಸುಗಳು ಜನರಿಗಿಂತ ಹೆಚ್ಚಾಗಿ ಸುದ್ದಿಯನ್ನು ಹೇರಿಕೊಂಡು ಓಡಾಡುತ್ತಿದ್ದವು. ನನ್ನ ಸುದ್ದಿ ಪಿರಿಯಾಪಟ್ಟಣದಲ್ಲಿ ಹತ್ತಿದಾಗ ಮೇಷ್ಟ್ರಿಗೆ ನರ್ಸಿನ ಸಹವಾಸ ಎಂದಿತ್ತು. ಹುಣಸೂರಿನಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಅವಳಿಗೆ ತಿಂಗಳು ತುಂಬಿತ್ತು. ಕೃಷ್ಣರಾಜನಗರದಲ್ಲಿ ಇಳಿಯುವಾಗ ನಾನು ಬಾವಿಗೆ ಬಿದ್ದಾಗಿತ್ತು. ಹೀಗಾಗಿ ಒಂದು ಮಧ್ಯಾಹ್ನ ನಮ್ಮವ್ವ ಎದೆ ಬಡಿದುಕೊಳ್ಳುತ್ತಾ ಬಾಗಿಲಿಗೆ ಬಂದಾಗ, ನಾನು ಒಳಗೆ ಹಾಯಾಗಿ ಹುರುಳಿ ಆರಿಸುತ್ತಾ ಕೂತಿರುವುದನ್ನು ಕಂಡು ಅವಳಿಗೆ ಸ್ವಲ್ಪ ಬೇಸರವೇ ಆಯಿತು.

"ಯಾವಾಗ ಎತ್ತುದ್ರವ್ವಾ ನಿನ್ನ ಬಾವಿಯಿಂದ?" ಎಂದಳು.

ಅವಳ ಹಿಂದೆ ನನ್ನ ಸೋದರಮಾವ ಚಿಕ್ಕೇಗೌಡರು ನಿಂತಿದ್ದರು. ಅವರ ವಿಷಯ ಸ್ವಲ್ಪ ಹೇಳಬೇಕು. ಅವರು ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಪಂಚಾಯ್ತಿ ಯಜಮಾನರು. ಎಲ್ಲಿ ಗಂಡ ಹೆಂಡಿರ ಜಗಳವಾದರೂ, ಎಲ್ಲಿ ಬದು ಒತ್ತುವರಿಯಾದರೂ, ಹೆಗಲಿಗೆ ಅಂಚಿನ ವಲ್ಲಿ ಹಾಕಿಕೊಂಡು ಹೊರಟುಬಿಡುವರು. ಅವರು ನ್ಯಾಯ ಹೇಳಿದ ಜಗಳ ಮುಗಿದದ್ದನ್ನು ಯಾರೂ ಕಂಡಿಲ್ಲ. ಮುಗಿದೇಹೋದರೆ ಮುಂದಿನ ಸಲ ಕೋಳಿ ಕೊಯ್ದು ಕರೆಯುವವರು ಯಾರು? ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಸ್ವಂತ ತಮ್ಮಂದಿರು ಅವರೊಡನೆ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು, ಅದನ್ನು ಕೇಳಿದರೆ "ವೈದ್ಯ ತನಗೇ ಮದ್ದು ಮಾಡ್ಕಂತಾನಾ?" ಎನ್ನುತ್ತಿದ್ದರು.

"ಮಾವ, ಅದು ಬರೀ ಕಪ್ಪೆ" ಎಂದು ನಾನು ಶುರುಮಾಡಿದೆ.

"ನೀ ಸುಮ್ನಿರವ್ವ. ಗಂಡುನ್ನ ಬಿಟ್ಟುಕೊಡಬಾರ್ದು ಅಂತೀಯೆ, ಒಳ್ಳೆ ಬುದ್ಧಿ. ಆದ್ರೆ ಪ್ರಪಂಚದಾಗೆ ಕಪ್ಪೆ ನೋಡಾಕೆ ಹೋಗೋ ಗಂಡ್ಸು ಇನ್ನೂ ಹುಟ್ಟಿಲ್ಲ ಕಣವ್ವ. ಕಳ್ಳನ್ನ ಮಾಲು ಸಮೇತ ಹಿಡೀಬೇಕು. ಈವತ್ತು ಸಂದೇಕೇ ಹಿಡೀತೀನಿ. ಹಿಡಿದು, ಬೆಳಗ್ಗೆ ಹೆಡ್ಮಾಸ್ಟ್ರ ಮುಂದೆ ನಿಲ್ಲಿಸ್ತೀನಿ. ನೀನು ನಮ್ಜೊತೆ ಹೊಂಟುಬಾ. ಮಿಕ್ಕಿದ್ದು ಆಮೇಲೆ."

ನನಗೆ ಆಗ ಹೆದರಿಕೆಯಾಯಿತು. ಹೆಡ್ಮಾಸ್ಟರ ತನಕ ಮಾತು ಹೋದರೆ ಇವರ ನೌಕರಿ ಉಳಿಯುವುದು ಕಷ್ಟ. ಆ ನರ್ಸಿನ ಗತಿಯೇನು? ಅವಳಿಗೆ ತಾನು ಇಂಥದೊಂದು ಕಥೆಯ ನಾಯಕಿ ಎಂಬುದೂ ತಿಳಿಯದು. ನನ್ನವ್ವ ಆಗಲೇ ಅಟ್ಟದ ಮೇಲಿಂದ ನನ್ನ ಟ್ರಂಕು ಇಳಿಸಿ ಸೀರೆ ಮಡಚುತ್ತಿದ್ದಳು. ಸಾಯಂಕಾಲ ಇವರು ಬಂದು ಕಾಫಿ ಕುಡಿದು, ಅತ್ತೆಯನ್ನೂ ಮಾವನನ್ನೂ ಸಂತೋಷದಿಂದ ಮಾತಾಡಿಸಿ, "ಒಂದು ಸ್ವಲ್ಪ ಹೊರಗೆ ಹೋಗಿ ಬಂದುಬಿಡ್ತೀನಿ" ಎಂದು ಕನ್ನಡಿ ಮುಂದೆ ಕೂತು ಕೆನ್ನೆಗೆ ಸೋಪು ಹಚ್ಚಿದರು. ಮಾವ ನನ್ನ ಕಡೆ ನೋಡಿದರು. ಅವ್ವ ಟ್ರಂಕಿನ ಮುಚ್ಚಳವನ್ನು ಧಡಾರನೆ ಹಾಕಿದಳು. ಕಪ್ಪೆಯಾಗಿರಲಪ್ಪಾ, ಬರೀ ಕಪ್ಪೆಯಾಗಿರಲಿ ಎಂದು ದೇವರ ಪಟಕ್ಕೆ ಕೈಮುಗಿದೆ. ಆ ದೇವರು ಅಂಥ ಪ್ರಾರ್ಥನೆಯನ್ನು ಹಿಂದೆಂದೂ ಕೇಳಿರಲಾರ.

ಇವರು ಹೊರಟು ಸ್ವಲ್ಪ ಹೊತ್ತಿಗೆ ನಾವೂ ಹೊರಟೆವು. ಮಾವ ಮುಂದೆ, ಅವ್ವ ಅವರ ಹಿಂದೆ, ನಾನು ಕೊನೆಗೆ. ಬೀದಿ ದಾಟುವಷ್ಟರಲ್ಲಿ ಸುಬ್ಬಲಕ್ಷ್ಮಮ್ಮ "ಒಬ್ಬರೇ ಹೋಗಬೇಡಿ ಜಯಮ್ಮ" ಎಂದು ಸೇರಿಕೊಂಡರು. ನಾನು ಒಬ್ಬಳೇ ಇರಲಿಲ್ಲ ಎಂಬುದು ಅವರಿಗೂ ಕಾಣುತ್ತಿತ್ತು. ಏರಿ ತಲುಪುವ ಹೊತ್ತಿಗೆ ಹಿಂದೆ ಇನ್ನೂ ಅನೇಕರಿದ್ದರು. ಒಬ್ಬರು ಪೆಟ್ರೋಮ್ಯಾಕ್ಸ್ ಕೂಡ ತಂದಿದ್ದರು. ಯಾರ ಮನೆಯ ಮಾನ ಹೋಗುವುದಿದ್ದರೂ ಬೆಳಕಿನಲ್ಲಿ ಹೋಗಲಿ ಎಂದಿರಬೇಕು. ಮಾವ ಅದನ್ನು ಆರಿಸಲು ಹೇಳಿದರು. ತುಂತುರು ಹನಿಯುತ್ತಿತ್ತು. ಕತ್ತಲಲ್ಲಿ ಜೌಗು ಪೂರ್ತಿ ಬಾಯಾಗಿತ್ತು. ಒಂದು ಕಡೆ ಟ್ರೊಂಯ್ ಟ್ರೊಂಯ್, ಇನ್ನೊಂದು ಕಡೆ ಬೀಗ ತೆಗೆದಂತೆ ಟಿಕ್ ಟಿಕ್, ಮಧ್ಯೆ ಯಾರೋ ಡೋಲು ಒರಸಿದಂತೆ ಗೊಂಯ್ಕ್. ಅದರಲ್ಲೂ ಒಂದು ಕೂಗು ಮಾತ್ರ ಸ್ವಲ್ಪ ಬೇರೆಯಾಗಿ, ನೆಗಡಿಯಾದ ಕಪ್ಪೆಯದಂತೆ ಕೇಳುತ್ತಿತ್ತು.

"ಸದ್ದು ಮಾಡ್ಬ್ಯಾಡ್ರಿ. ಆ ಜೊಂಡಿನ ಹಿಂದೆ ಯಾರೋ ಕುಂತವ್ರೆ" ಎಂದು ಮಾವ ಪಿಸುಗುಟ್ಟಿದರು. ಪಿಸುಗುಟ್ಟಿ, ನ್ಯಾಯಾಧಿಪತಿಯ ಗಾಂಭೀರ್ಯದಿಂದ ಒಂದು ಹೆಜ್ಜೆ ಮುಂದಿಟ್ಟರು. ಎಮ್ಮೆಗಳಿಗೆ ತಿಳಿದಿದ್ದ ವಿಷಯ ಮಾವನಿಗೆ ತಿಳಿದಿರಲಿಲ್ಲ. ಆ ಹೆಜ್ಜೆ ಮೊಣಕಾಲವರೆಗೆ ಹೋಯಿತು. ಅದನ್ನು ತೆಗೆಯಲು ಇನ್ನೊಂದು ಇಟ್ಟರು, ಅದು ಇನ್ನೂ ಮುಂದೆ ಹೋಯಿತು. ಆಮೇಲೆ ಹೊಟ್ಟೆಯ ಭಾರಕ್ಕೆ ನಿಧಾನವಾಗಿ, ಗೋಣಿಚೀಲ ಒರಗಿದಂತೆ, ಹಿಂದಕ್ಕೆ ಮಲಗಿದರು. ಮಲಗಿ "ಅಯ್ಯಯ್ಯಪ್ಪೋ, ಸತ್ತೇ ಕಣ್ರಪ್ಪೋ" ಎಂದು ಹೊಟ್ಟೆ ಹಿಡಿದುಕೊಂಡು ಕೂಗಿದ್ದು ಕೆರೆಯ ಆಚೆಗೂ ಕೇಳಿಸಿತು. ಕಪ್ಪೆಗಳೆಲ್ಲ ಗಪ್ಪನೆ ನಿಂತವು.

ಆಚೆ ದಡದ ಮನೆಯ ಬಾಗಿಲು ತೆರೆಯಿತು. ಲಾಂದ್ರ ಹಿಡಿದುಕೊಂಡು, ಕಂಕುಳಲ್ಲಿ ಚೀಲ ಇಟ್ಟುಕೊಂಡು, ಅನ್ನಮ್ಮ ಅಂಚಿನ ದಾರಿಯಲ್ಲಿ ಓಡುತ್ತಾ ಬಂದಳು. ಗುಂಪು ನೋಡಿದಳು, ಅಳುತ್ತಿದ್ದ ನಮ್ಮವ್ವನನ್ನು ನೋಡಿದಳು, ಕೆಸರಿನಲ್ಲಿ ನರಳುತ್ತಾ ಮಲಗಿದ್ದ ಆ ದೊಡ್ಡ ಹೊಟ್ಟೆಯನ್ನು ನೋಡಿದಳು.

"ಅಯ್ಯೋ ದೈವಮೇ! ಯಾವಾಗ ನೋವು ಶುರುವಾಯ್ತು? ಗಾಡಿ ಸಿಗ್ಲಿಲ್ವಾ ನಿಮಗೆ? ಕೆಸರಲ್ಲಾ ಮಲಗಿಸೋದು?" ಎಂದು ಲಾಂದ್ರ ಕೆಳಗಿಟ್ಟು ಸೆರಗು ಸಿಕ್ಕಿಸಿ, ಮಾವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಾವ "ನಾನು ಗಂಡ್ಸು ಕಣಮ್ಮೋ!" ಎಂದು ಚೀರಿದರು.

ಆಗ ಜೊಂಡಿನ ಹಿಂದಿನಿಂದ ಬ್ಯಾಟರಿ ಹೊತ್ತಿತು. ಮೊಣಕಾಲುದ್ದ ಕೆಸರಿನಲ್ಲಿ ನಮ್ಮ ಯಜಮಾನರು ಎದ್ದು ನಿಂತಿದ್ದರು, ಕನ್ನಡಕದ ಮೇಲೆಲ್ಲ ಮಳೆಯ ಹನಿ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆ, ಮಾವ, ಹೆಂಡತಿ, ಅರ್ಧ ಬೀದಿ. ಅವರ ಮುಖ ಅರಳಿದ್ದನ್ನು ನಾನು ಈಗಲೂ ಮರೆತಿಲ್ಲ.

"ಬಂದ್ರಾ!" ಎಂದರು. "ಎಲ್ಲರೂ ಬಂದುಬಿಟ್ಟಿದ್ದೀರಲ್ಲ! ನನಗೆ ಗೊತ್ತಿತ್ತು ಜಯಾ, ಒಂದಲ್ಲ ಒಂದು ದಿನ ನಿನಗೂ ಆಸಕ್ತಿ ಬರುತ್ತೆ ಅಂತ. ಅತ್ತೇ, ಇತ್ತ ಬನ್ನಿ, ಈ ಕಲ್ಲಿನ ಮೇಲೆ ಕಾಲಿಡಿ. ಮಾವನವರು ಕೂತ ಜಾಗ ಬಹಳ ಚೆನ್ನಾಗಿದೆ, ಅವರು ಅಲ್ಲೇ ಇರಲಿ."

ಹಿಡಿಯಲು ಹೋದ ಕಳ್ಳ ಬಾಗಿಲು ತೆರೆದು, ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದರೆ ಏನು ಮಾಡುವುದು? ಇವರು ಬ್ಯಾಟರಿ ಬಿಟ್ಟು ತೋರಿಸುತ್ತಾ ಹೋದರು. ನೀರಿನ ಮೇಲೆ ಬಾಗಿದ ಗಿಡದಲ್ಲಿ ಸೋಪಿನ ನೊರೆಯಂತೆ ಜೋತುಬಿದ್ದಿದ್ದ ಮರಗಪ್ಪೆಯ ಗೂಡು. ಅಂಗಿಯ ಗುಂಡಿಯಷ್ಟೇ ಗಾತ್ರದ ಮರಿಗಪ್ಪೆ. ಕೊನೆಗೆ ಬೆಳಕಿನ ಮಧ್ಯೆ ಒಂದು ಗೋಂಕರು ಕಪ್ಪೆ. ಮಳೆಗಾಲ ಬಂದರೆ ಅದರ ಗಂಡಿಗೆ ಅರಿಶಿನದ ಬಣ್ಣ ಬರುತ್ತದೆ, ಕೆನ್ನೆಯ ಎರಡು ಕಡೆ ನೀಲಿ ಗುಳ್ಳೆ ಊದಿಕೊಳ್ಳುತ್ತದೆ. ಅರಿಶಿನದೆಣ್ಣೆ ಹಚ್ಚಿಸಿಕೊಂಡ ಮದುಮಗನಂತೆ ಅದು ಕೂತಿತ್ತು. "ಇದು ಉತ್ತರ ಕೊಡುತ್ತೆ, ನೋಡ್ತಿರಿ" ಎಂದು ಇವರು ಕುಕ್ಕರಿಸಿ, ನುಣ್ಣನೆಯ ಕೆನ್ನೆಗಳನ್ನು ಊದಿ, ಗೊಂಯ್ಕ್ ಎಂದು ಕೂಗಿದರು. ನೆಗಡಿಯಾದ ಕಪ್ಪೆ ಯಾವುದೆಂದು ಆಗ ತಿಳಿಯಿತು. "ಗಡ್ಡ ಇದ್ದರೆ ಕೆನ್ನೆ ಹೊಂದಿಸೋದು ಕಷ್ಟ. ಅಂಗೈ ಇಟ್ಟು ಅಮುಕುವಾಗ ಚುಚ್ಚುತ್ತೆ" ಎಂದು ವಿವರಣೆಯನ್ನೂ ಕೊಟ್ಟರು. ಆ ಹಳದಿ ಕಪ್ಪೆ ಒಂದು ಕ್ಷಣ ಯೋಚಿಸಿ, ನಿಜವಾಗಿಯೂ ಉತ್ತರ ಕೊಟ್ಟಿತು. ಮಗು ಮೊದಲ ಸಲ ಅಪ್ಪಾ ಎಂದಾಗ ತಂದೆಯಾದವನು ಹೆಂಡತಿಯ ಕಡೆ ನೋಡುವಂತೆ ಇವರು ನನ್ನ ಕಡೆ ತಿರುಗಿ ನೋಡಿದರು. ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೆ. ಸೊಳ್ಳೆ ಇರಬೇಕು.

ಅನ್ನಮ್ಮ ಮಾತ್ರ ಕರಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ನೀವಾ ಮಾಷ್ ಹೆಂಡ್ತಿ? ದಯವಿಟ್ಟು ಇವರಿಗೆ ಬುದ್ಧಿ ಹೇಳಿ. ಕಪ್ಪೆ ಕೂಗೋದು ದೇವರು ಮಾಡಿದ್ದು, ನಾನು ಸಹಿಸ್ತೀನಿ. ಅದು ನಿಲ್ಲಿಸಿದ ಮೇಲೂ ಇವರು ಕೂಗ್ತಾರೆ. ಇವರು ಕೂಗಿದ್ರೆ ಅದು ಮತ್ತೆ ಶುರು. ಬೆಳಗ್ಗೆ ಎದ್ದು ನಾನು ಹೆರಿಗೆ ಮಾಡಿಸ್ಬೇಕು. ನನಗೆ ನಿದ್ದೆ ಬೇಡ್ವಾ? ಹೆಡ್ಮಾಸ್ಟ್ರಿಗೆ ದೂರು ಕೊಡೋಣ ಅಂತಿದ್ದೆ." ಅವಳ ಹೆಸರಿನ ಸುತ್ತ ಊರು ಕಟ್ಟಿದ್ದ ಕಥೆ ಅವಳಿಗೆ ಎಂದಾದರೂ ತಿಳಿಯಿತೋ ಇಲ್ಲವೋ ಕಾಣೆ. ನಾನು ಅವಳ ಮುಂದೆ ತಲೆ ತಗ್ಗಿಸಿ ನಿಂತೆ. ಅವಳು ಅದನ್ನು ಗಂಡನ ಪರವಾದ ಕ್ಷಮೆ ಎಂದುಕೊಂಡು ನನ್ನ ಭುಜ ತಟ್ಟಿ, ಲಾಂದ್ರ ಎತ್ತಿಕೊಂಡು ಹೋದಳು.

ಮನೆಗೆ ಬಂದು ಮಾವನಿಗೆ ಹಂಡೆಗಟ್ಟಲೆ ನೀರು ಹುಯ್ದದ್ದಾಯಿತು. ಮಿಂದು, ನನ್ನ ಗಂಡನದೇ ಪಂಚೆ ಉಟ್ಟುಕೊಂಡು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅವರು ಬಹಳ ಹೊತ್ತು ಯೋಚನೆ ಮಾಡಿದರು. ಇವರು ಆಗಲೇ ಒಳಗೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ತಮ್ಮನ್ನು ಹಿಡಿಯಲು ಬಂದಿದ್ದರು ಎಂಬ ವಿಷಯ ಅವರಿಗೆ ಅಂದೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

"ಹೆಂಗ್ಸಾಗಿದ್ರೆ ಒಂದು ದಾರಿ ಇತ್ತು ಕಣವ್ವ" ಎಂದರು ಮಾವ ಕೊನೆಗೆ, ನೊಂದ ದನಿಯಲ್ಲಿ. "ಕೂರಿಸಿ ಹೇಳಬೌದಿತ್ತು. ತಪ್ಪು ಕಟ್ಟಿಸಬೌದಿತ್ತು. ದೇವ್ರ ಮುಂದೆ ಆಣೆ ಮಾಡಿಸಬೌದಿತ್ತು. ಕಪ್ಪೆಗೆ ಏನಂತ ನ್ಯಾಯ ಹೇಳ್ಲಿ? ಯಾರುನ್ನ ಕರೆದು ಕೂರಿಸ್ಲಿ?"

ಅವ್ವ ಬರುವಾಗ ಅತ್ತದ್ದಕ್ಕಿಂತ ಹೆಚ್ಚಾಗಿ ಹೋಗುವಾಗ ಅತ್ತಳು. "ಊರಿಗೆ ಹೋಗಿ ಏನಂತ ಹೇಳ್ಲಿ ಮಗಾ? ಎಲ್ರೂ ಕಾಯ್ತಾ ಇರ್ತಾರೆ" ಎಂದಳು. ಅವಳು ಹೋದ ಮೇಲೆ ನಾನು ಟ್ರಂಕು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಮತ್ತೆ ಬೀರುವಿಗೆ ಇಟ್ಟೆ. ಸಂತೋಷವಾಗಬೇಕಾಗಿತ್ತು. ಆದರೂ ಒಂದು ತಿಂಗಳು ತವರಿನಲ್ಲಿ ಕೂತು ಉಣ್ಣುವ ಯೋಗವೊಂದು ಕೈತಪ್ಪಿತಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಯಾರೋ ಗೊಣಗಿದರು.

ನನ್ನ ನಿಜವಾದ ಕಷ್ಟ ಶುರುವಾದದ್ದು ಮಾರನೆಯ ದಿನದಿಂದ. ಮೇಷ್ಟ್ರು ಹೋಗುವುದು ಕಪ್ಪೆಗೇ ಎಂದು ಊರು ಕಣ್ಣಾರೆ ಕಂಡಿತ್ತು. ನಂಬಿದ ಊರು ನಗಲು ತೊಡಗಿತು. ನಲ್ಲಿಯ ಹತ್ತಿರ ಹೋದರೆ ಸಾಲು ಬಿಡುವುದಿರಲಿ, ಹಿಂದಿನಿಂದ ಯಾರೋ ಸಣ್ಣಗೆ ಗೊಂಯ್ಕ್ ಎನ್ನುತ್ತಿದ್ದರು. ಹೂವಿನವಳ ಗೇಣು ಮೊದಲಿನ ಗಾತ್ರಕ್ಕೆ ಬಂತು. ಹೆಡ್ಮಾಸ್ಟರ ಹೆಂಡತಿಗೆ ನನ್ನ ಮುಖ ಮತ್ತೆ ಮರೆತುಹೋಯಿತು. ಸುಬ್ಬಲಕ್ಷ್ಮಮ್ಮನವರಂತೂ ನಾನೇ ಅವರಿಗೆ ಮೋಸ ಮಾಡಿದೆನೆಂಬಂತೆ ಮುಖ ಊದಿಸಿಕೊಂಡರು. ತಟ್ಟೆ ವಾಪಸು ಕೊಡಲು ಹೋದರೆ "ಅಲ್ಲಿಡಿ" ಎಂದರು, ಅಷ್ಟೇ. ಸವತಿಯಿರುವವಳಿಗೆ ಊರಿನಲ್ಲಿ ಒಂದು ಸ್ಥಾನವಿದೆ. ಕಪ್ಪೆ ಮೇಷ್ಟ್ರ ಹೆಂಡತಿಗೆ ಯಾವ ಸ್ಥಾನವೂ ಇಲ್ಲ. ಅವಳು ಬರೀ ತಮಾಷೆ. ಇವರನ್ನೂ ಜನ ಬಿಡಲಿಲ್ಲ. ಮೇಷ್ಟ್ರು ಸೈಕಲ್ ಮೇಲೆ ಹೋಗುತ್ತಿದ್ದರೆ ಕಾಫಿ ಹೋಟೆಲಿನಿಂದ ಒಂದು ಕೂಗು ಬರುತ್ತಿತ್ತು. ಇವರು ಪೆಡಲು ನಿಲ್ಲಿಸಿ, ಕಿವಿಗೊಟ್ಟು ಕೇಳಿ, "ಸ್ವರ ಅಷ್ಟು ಸರಿಯಾಗಿಲ್ಲ" ಎಂದುಕೊಂಡು ಮುಂದೆ ಹೋಗುತ್ತಿದ್ದರು. ಅಂಥವರನ್ನು ಅವಮಾನ ಮಾಡುವುದು ಹೇಗೆ? ಅವರ ಪಾಲಿನ ಅವಮಾನವನ್ನೂ ನಾನೇ ಅನುಭವಿಸಬೇಕಾಯಿತು.

ಮುಂದಿನ ವರ್ಷ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಕಣ್ಣು ಬಿಟ್ಟವನು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಕಟ್ಟೆ, ಅದಕ್ಕೊಂದು ಜೌಗು, ಅದರ ತುಂಬ ಕಪ್ಪೆ ಇಟ್ಟಿದ್ದ. ಕಾಕನಕೋಟೆ ಕಾಡಿನ ಕಡೆಯಿಂದ ಮಳೆ ಇಳಿದ ಮೊದಲ ಸಂಜೆಯೇ ಇವರು ಕ್ಷೌರ ಮಾಡಿಕೊಂಡು ಹೊರಟರು. ಮೂರು ದಿನವಾದ ಮೇಲೆ ಎದುರು ಮನೆಯ ಓವರ್‌ಸಿಯರ ಹೆಂಡತಿ ಸರೋಜಮ್ಮ ನನ್ನನ್ನು ಒಳಗೆ ಕರೆದು, ಇದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಹೆಂಗಸು. ಸುತ್ತಿ ಬಳಸಿ, ತೊದಲಿ, ಕೊನೆಗೆ ಕೇಳಿದರು: "ನಿಮ್ಮೆಜಮಾನ್ರು... ಕತ್ತಲಾದ ಮೇಲೆ... ಎಲ್ಲಿಗೋ ಹೋಗ್ತಾರಂತಲ್ಲ?"

ಪಿರಿಯಾಪಟ್ಟಣದಲ್ಲಿ ಆ ಮಾತಿಗೆ ನಾನು ಉತ್ತರ ಹೇಳುತ್ತಿದ್ದ ರೀತಿಯೇ ತಪ್ಪಾಗಿತ್ತು. ಈ ಸಲ ಸ್ವಲ್ಪ ಹೊತ್ತು ನೆಲ ನೋಡಿದೆ. ಬಳೆಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸಿದೆ. ಆಮೇಲೆ, ಉಸಿರುಬಿಟ್ಟು, "ಕಪ್ಪೆ ನೋಡೋಕೆ... ಅಂತ ಹೇಳ್ತಾರೆ" ಎಂದೆ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಆ ಕಟ್ಟೆಯ ಸುತ್ತ ಒಂದು ಮನೆಯೂ ಇರಲಿಲ್ಲ, ಒಬ್ಬ ಹೆಂಗಸೂ ಇರಲಿಲ್ಲ. ಇಲ್ಲದವಳ ಮಾನ ಹೋಗುವುದಿಲ್ಲ ಎಂಬುದನ್ನು ನಾನು ಮೊದಲೇ ಹೋಗಿ ನೋಡಿ ಖಚಿತಪಡಿಸಿಕೊಂಡಿದ್ದೆ. ಸರೋಜಮ್ಮ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಬಹಳ ಹೊತ್ತು ಕೂತರು.

ಸುಮಾರು ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಇವರು ಕೆಸರುಗಾಲು ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತರು. ಮುಖದಲ್ಲಿ ಹಿಂದೆಂದೂ ಕಾಣದ ಒಂದು ಠೀವಿ.

"ಜಯಾ, ಈ ಊರು ನನಗೆ ಬಹಳ ಹಿಡಿಸಿತು. ಪಿರಿಯಾಪಟ್ಟಣದ ಜನ ನನ್ನನ್ನ ಕಂಡರೆ ನಗ್ತಿದ್ರು. ಇಲ್ಲಿ ನಾನು ಬ್ಯಾಟರಿ ಹಿಡಿದು ಹೊರಟರೆ ಜನ ಎದ್ದು ನಿಂತು ದಾರಿ ಬಿಡ್ತಾರೆ. ಗಂಡಸರು ಒಂಥರಾ ಬೆರಗಿನಿಂದ ನೋಡ್ತಾರೆ. ನಿನ್ನೆ ಓವರ್‌ಸಿಯರು ನನ್ನ ಕೈ ಕುಲುಕಿ 'ನಿಮ್ಮ ಧೈರ್ಯ ಯಾರಿಗೂ ಬರೋಲ್ಲ ಸಾರ್' ಅಂದ್ರು. ನೋಡು, ಇಲ್ಲಿ ವಿಜ್ಞಾನಕ್ಕೆ ಮರ್ಯಾದೆ ಇದೆ."

ನಾನು ಅವರ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟೆ. ವಿಜ್ಞಾನಕ್ಕೆ ನನ್ನ ಕೈಲಾದ ಸೇವೆ ಅದೊಂದೇ.